ಕೈಯ ಕುಸುರಿಯೂ ಹರಿಯ ಪೂಜೆಯೂ: ಶ್ರೀವಾದಿರಾಜಗುರುಸಾರ್ವಭೌಮರು

ಮಾಧ್ವರ ಮನೆಯ ಮದುವೆಯಲ್ಲಿ ಸುಮಂಗಲಿಯರು ಲಕ್ಷ್ಮೀಶೋಭಾನೆಯನ್ನು ಹಾಡುತ್ತಾರೆ. ಹಬ್ಬದ ದಿನ ನೈವೇದ್ಯಕ್ಕೆ ಹಯಗ್ರೀವ ಸಿದ್ಧವಾಗುತ್ತದೆ. ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಪರ್ಯಾಯೋತ್ಸವ ನಡೆಯುತ್ತದೆ. ಈ ಮೂರರ ಹಿಂದೆಯೂ ಇರುವವರು ಒಬ್ಬರೇ ಮಹಾನುಭಾವರು, ಶ್ರೀಮದ್ವಾದಿರಾಜತೀರ್ಥ ಶ್ರೀಪಾದಂಗಳವರು. ಅವರು ಉದ್ದಾಮ ಪಂಡಿತರೆಂಬುದನ್ನು ಎಲ್ಲರೂ ಬಲ್ಲರು. ಪ್ರೀತಿಯಿಂದ ಮಾಡಿದ ಕೈಗೆಲಸವನ್ನು ಪೂಜೆಯೆಂದೇ ಸ್ವೀಕರಿಸಿದ ಅವರ ಕಾರುಣ್ಯವನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ.

ಕ್ರಿ.ಶ. 1480ರ ಮಾಘ ಶುದ್ಧ ದ್ವಾದಶಿಯಂದು ಕುಂಭಾಶಿಯ ಸಮೀಪದ ಹೂವಿನಕೆರೆಯಲ್ಲಿ ರಾಮಾಚಾರ್ಯ, ಗೌರಿದೇವಿ ದಂಪತಿಗಳಿಗೆ ಇವರು ಜನಿಸಿದರು. ಪೂರ್ವಾಶ್ರಮದ ಹೆಸರು ಭೂವರಾಹ. ಸಂತಾನವಿಲ್ಲದ ಆ ದಂಪತಿಗಳನ್ನು ಅನುಗ್ರಹಿಸಿದ್ದ ಶ್ರೀವಾಗೀಶತೀರ್ಥರಿಂದಲೇ ಎಂಟನೆಯ ವಯಸ್ಸಿನಲ್ಲಿ ಸಂನ್ಯಾಸವಾಯಿತು. ಶ್ರೀವ್ಯಾಸರಾಜರಲ್ಲಿ ಶಾಸ್ತ್ರಾಭ್ಯಾಸ ನಡೆಯಿತು. ವಾದದಲ್ಲಿ ಎದುರಿಲ್ಲದವರಾಗಿ ಅವರು ಹೆಸರಿಗೆ ತಕ್ಕವರೇ ಆದರು.

ಅವರ ಆರಾಧ್ಯಮೂರ್ತಿಯಾದ ಶ್ರೀಹಯಗ್ರೀವದೇವರು ದೊರೆತ ವೃತ್ತಾಂತ ಸಂಪ್ರದಾಯದಲ್ಲಿ ಸುಪ್ರಸಿದ್ಧವಾಗಿದೆ. ಅಕ್ಕಸಾಲಿಗನೊಬ್ಬನು ಶ್ರದ್ಧೆಯಿಂದ ಗಣಪತಿಯ ವಿಗ್ರಹವನ್ನು ಎರಕ ಹೊಯ್ಯಲು ತೊಡಗಿದನು. ಅಚ್ಚನ್ನು ಒಡೆದು ನೋಡಿದರೆ ಆನೆಯ ಮುಖವಿಲ್ಲ, ಕುದುರೆಯ ಮುಖ! ತನ್ನ ಕೆಲಸದಲ್ಲಿಯೇ ದೋಷವಿರಬೇಕೆಂದು ಭಾವಿಸಿ ಮತ್ತೆ ಕರಗಿಸಿದನು, ಮತ್ತೆ ಹೊಯ್ದನು. ಆಗಲೂ ಅದೇ ರೂಪ. ಬೇಸತ್ತು ಸುತ್ತಿಗೆಯಿಂದ ಒಡೆಯಹೋದರೂ ವಿಗ್ರಹ ಒಡೆಯಲಿಲ್ಲ. ಅಂದು ರಾತ್ರಿ ಸ್ವಪ್ನದಲ್ಲಿ, ಬರಲಿರುವ ಯತಿಗಳಿಗೆ ಅದನ್ನು ಒಪ್ಪಿಸುವಂತೆ ಭಗವಂತನ ಆದೇಶವಾಯಿತು. ಮರುದಿನ ಬಂದ ವಾದಿರಾಜರ ಕೈಯಲ್ಲಿ ಅವನು ಆ ಮೂರ್ತಿಯನ್ನಿಟ್ಟನು.

ಈ ಕಥೆಯನ್ನು ಕೇವಲ ಪವಾಡವೆಂದು ಕೇಳಿ ಬಿಡಬಾರದು. ಅಚ್ಚು ಕಟ್ಟಿದವನು, ಕುಲುಮೆ ಊದಿದವನು ಅಕ್ಕಸಾಲಿಗ. ಆದರೆ ರೂಪವನ್ನು ನಿಶ್ಚಯಿಸಿದವನು ಶ್ರೀಹರಿ. ಜೀವನ ಕರ್ತೃತ್ವ ಭಗವದಧೀನ, ಸ್ವತಂತ್ರಕರ್ತೃ ಅವನೊಬ್ಬನೇ ಎಂಬ ಆಚಾರ್ಯರ ಸಿದ್ಧಾಂತ ಇಲ್ಲಿ ಕುಲುಮೆಯ ಮುಂದೆಯೇ ಪ್ರತ್ಯಕ್ಷವಾಯಿತು. ಹಾಗೆಂದು ಅಕ್ಕಸಾಲಿಗನ ಶ್ರಮ ವ್ಯರ್ಥವಾಗಲಿಲ್ಲ. ತಾನು ಬಯಸಿದ್ದು ಕೈಗೂಡದಿದ್ದರೂ ಕೈಗೂಡಿದ್ದನ್ನು ಒಪ್ಪಿಸಿದನಲ್ಲವೇ, ಅದೇ ಅವನ ಪೂಜೆ. ದೈವಜ್ಞ ಸಮಾಜದ ಅನೇಕ ಮನೆತನಗಳು ಮುಂದೆ ವಾದಿರಾಜರ ಶಿಷ್ಯತ್ವವನ್ನು ಪಡೆದವು. ಚಿನ್ನಬೆಳ್ಳಿಯ ಕೆಲಸದವರಿಗೂ ಹರಿಭಕ್ತಿಯ ಹೆದ್ದಾರಿ ತೆರೆಯಿತು.

ಅಡಿಗೆಯ ವಿಷಯವೂ ಹೀಗೆಯೇ. ಬೇಯಿಸಿದ ಕಡಲೆಬೇಳೆ, ಬೆಲ್ಲ, ತೆಂಗಿನತುರಿ, ತುಪ್ಪ ಇವುಗಳಿಂದಾದ ಮಡ್ಡಿಯನ್ನು ತಟ್ಟೆಯಲ್ಲಿ ತುಂಬಿ ಗುರುಗಳು ಶಿರಸ್ಸಿನ ಮೇಲೆ ಹಿಡಿಯುತ್ತಿದ್ದರಂತೆ. ಶ್ವೇತಾಶ್ವರೂಪಿಯಾದ ಭಗವಂತನು ಹಿಂದಿನಿಂದ ಬಂದು, ಅವರ ಹೆಗಲ ಮೇಲೆ ಮುಂಗಾಲುಗಳನ್ನಿಟ್ಟು ಭುಂಜಿಸಿ, ಅವರಿಗಾಗಿ ಸ್ವಲ್ಪ ಉಳಿಸುತ್ತಿದ್ದನಂತೆ. ದುಬಾರಿ ಪದಾರ್ಥ ಒಂದೂ ಇಲ್ಲದ ಆ ತಿನಿಸು ಅವನ ಹೆಸರನ್ನೇ ಹೊತ್ತು ನಮ್ಮ ಮನೆಗಳಲ್ಲಿ ಉಳಿದಿದೆ.

ವಾದಿರಾಜರ ಸ್ವಂತ ಕುಸುರಿಕೆಲಸ ಶಬ್ದಗಳಲ್ಲಿ ನಡೆಯಿತು. ಪುಣ್ಯಪಟ್ಟಣದಲ್ಲಿ, ಅಂದರೆ ಇಂದಿನ ಪುಣೆಯಲ್ಲಿ, ಮಾಘಕಾವ್ಯವನ್ನು ಆನೆಯ ಮೇಲಿಟ್ಟು ಗೌರವಿಸಲು ವಿದ್ವಾಂಸರು ಸಿದ್ಧರಾಗಿದ್ದಾಗ, ಭಗವಂತನ ಗುಣಗಳನ್ನು ವರ್ಣಿಸುವ ಕಾವ್ಯಕ್ಕೆ ಆ ಗೌರವ ಸಲ್ಲಬೇಕೆಂದು ಅವರು ಹತ್ತೊಂಬತ್ತು ದಿನಗಳಲ್ಲಿ ಹತ್ತೊಂಬತ್ತು ಸರ್ಗಗಳ ರುಕ್ಮಿಣೀಶವಿಜಯವನ್ನು ರಚಿಸಿದರೆಂದು ಪ್ರತೀತಿ. ಯುಕ್ತಿಮಲ್ಲಿಕಾ ಅವರ ತರ್ಕದ ಹರಿತವನ್ನು ತೋರಿದರೆ, ತೀರ್ಥಪ್ರಬಂಧವು ದೇಶದ ನಾಲ್ಕೂ ದಿಕ್ಕುಗಳ ಕ್ಷೇತ್ರಗಳಲ್ಲಿ ಅವರು ನಡೆದ ಹೆಜ್ಜೆಗಳನ್ನು ತೋರುತ್ತದೆ. ಇಷ್ಟು ಸಂಸ್ಕೃತ ಬಲ್ಲವರು ಕನ್ನಡವನ್ನು ಕಡೆಗಣಿಸಲಿಲ್ಲ. ಶಾಸ್ತ್ರಾಧ್ಯಯನಕ್ಕೆ ಅವಕಾಶವಿಲ್ಲದ ಸ್ತ್ರೀಯರೂ ಸಾಮಾನ್ಯರೂ ತತ್ತ್ವವನ್ನು ಅರಿಯಲೆಂದು ಹಯವದನ ಎಂಬ ಅಂಕಿತದಿಂದ ಹಾಡುಗಳನ್ನು ಕಟ್ಟಿದರು. ಸಮುದ್ರಮಥನದಲ್ಲಿ ಉದಿಸಿದ ಮಹಾಲಕ್ಷ್ಮಿಯು ದೇವತೆಗಳೆಲ್ಲರನ್ನೂ ನೋಡಿ, ನಾರಾಯಣನೊಬ್ಬನೇ ನಿರ್ದೋಷನೆಂದು ಅವನನ್ನು ವರಿಸುವ ಶೋಭಾನೆಯಲ್ಲಿ ಸರ್ವೋತ್ತಮತ್ವದ ಪ್ರಮೇಯವೇ ಮದುವೆಯ ಹಾಡಾಗಿದೆ.

ಉಡುಪಿಯ ಅಷ್ಟಮಠಗಳಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು 1522ರಿಂದ ಎರಡು ವರ್ಷಗಳಿಗೆ ವಿಸ್ತರಿಸಿದವರೂ ಅವರೇ. ಸೋದೆಯಲ್ಲಿ ಅರಸಪ್ಪನಾಯಕನ ಭಕ್ತಿಯ ಸೇವೆಯನ್ನು ಸ್ವೀಕರಿಸಿ, ತ್ರಿವಿಕ್ರಮದೇವರನ್ನು ಪ್ರತಿಷ್ಠಾಪಿಸಿ, 1600ರ ಫಾಲ್ಗುಣ ಬಹುಳ ತದಿಗೆಯಂದು ವೃಂದಾವನವನ್ನು ಪ್ರವೇಶಿಸಿದರು.

ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮಗೆ ವಿಸ್ತಾರವಾದ ಮಡಿ, ದೀರ್ಘವಾದ ಅನುಷ್ಠಾನ ನಿತ್ಯವೂ ಸಾಧ್ಯವಾಗದಿರಬಹುದು. ಆದರೆ ನಮ್ಮ ಮಕ್ಕಳು ಶೋಭಾನೆಯನ್ನು ಮರೆತರೆ ಕಳೆದುಹೋಗುವುದು ಒಂದು ಹಾಡು ಮಾತ್ರವಲ್ಲ, ಗುರುಗಳು ತಾಯಿನುಡಿಯಲ್ಲಿ ಕಟ್ಟಿಕೊಟ್ಟ ಶಾಸ್ತ್ರವೇ ಕಳೆದುಹೋಗುತ್ತದೆ. ವಾರಕ್ಕೆ ನಾಲ್ಕು ನುಡಿಗಳನ್ನಾದರೂ ಅವರ ಬಾಯಲ್ಲಿ ಹಾಡಿಸೋಣ. ಹೂವು ಕಟ್ಟುವ ಕೈ, ರಂಗವಲ್ಲಿ ಇಡುವ ಕೈ, ಕಛೇರಿಯ ಲೆಕ್ಕ ಬರೆಯುವ ಕೈ, ಎಲ್ಲವೂ ಅಂತರ್ಯಾಮಿಯ ಪ್ರೇರಣೆಯಿಂದಲೇ ಚಲಿಸುತ್ತವೆಂಬ ಅನುಸಂಧಾನವಿರಲಿ. ಆ ಅಕ್ಕಸಾಲಿಗನಂತೆ, ಕೈಯಿಂದ ಮೂಡಿದ್ದನ್ನು ಅವನಿಗೇ ಒಪ್ಪಿಸುವ ಬುದ್ಧಿಯನ್ನು ಶ್ರೀವಾದಿರಾಜಗುರುಗಳು ನಮಗೆಲ್ಲ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥