ಚುನಾವಣೆಗೆ ನಿಲ್ಲದೆ ಮಹಾನಗರವನ್ನಾಳಿದ ಬಾಳ ಠಾಕ್ರೆ

ಕುಂಭಾಶಿ: ಆನೆಗುಡ್ಡೆಯ ವಿನಾಯಕನಿಗೆ ಕೈಮುಗಿದು ಹೆದ್ದಾರಿಯಲ್ಲಿ ಮುಂಬಯಿ ಬಸ್ಸು ಹತ್ತಿದ ಹುಡುಗರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕುಂದಾಪುರ ಸೀಮೆಯ ಊರೂರುಗಳಲ್ಲಿ ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಮುಂದೆ ಗಲ್ಲಾದ ಮೇಲೆ ಕುಳಿತವರಿದ್ದಾರೆ. 1960ರ ದಶಕದ ಉತ್ತರಾರ್ಧದಲ್ಲಿ ಆ ಹುಡುಗರ ಮನೆಮಂದಿಗೆ ಆತಂಕ ತಂದ ಹೆಸರು ಬಾಳ ಠಾಕ್ರೆಯದು.

ಬಾಳ ಕೇಶವ ಠಾಕ್ರೆ 1926ರ ಜನವರಿ 23ರಂದು ಪುಣೆಯಲ್ಲಿ ಜನಿಸಿದರು. ತಂದೆ ಕೇಶವ ಸೀತಾರಾಮ ಠಾಕ್ರೆ ‘ಪ್ರಬೋಧನ’ ಪತ್ರಿಕೆಯಿಂದ ಪ್ರಬೋಧನಕಾರರೆಂದೇ ಹೆಸರಾದ ಸಮಾಜ ಸುಧಾರಕರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮುಂದಾಳುಗಳಲ್ಲೊಬ್ಬರು. ಮಗ ಕುಂಚ ಹಿಡಿದು ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಲಕ್ಷ್ಮಣ್ ಕೊನೆಯವರೆಗೂ ವ್ಯಂಗ್ಯಚಿತ್ರಕಾರರಾಗಿಯೇ ಉಳಿದರು. ಠಾಕ್ರೆ ಕೆಲಸ ಬಿಟ್ಟು 1960ರ ಆಗಸ್ಟ್‌ನಲ್ಲಿ ‘ಮಾರ್ಮಿಕ’ ಎಂಬ ಸ್ವಂತ ವಾರಪತ್ರಿಕೆ ಆರಂಭಿಸಿದರು.

ಅದೇ ವರ್ಷದ ಮೇ 1ರಂದು ಮುಂಬಯಿ ರಾಜಧಾನಿಯಾಗಿ ಮಹಾರಾಷ್ಟ್ರ ರಾಜ್ಯ ಉದಯಿಸಿತ್ತು. ಆದರೆ 1961ರ ಜನಗಣತಿಯಂತೆ ನಗರದಲ್ಲಿ ಮರಾಠಿ ಮಾತೃಭಾಷಿಕರ ಪ್ರಮಾಣ ಶೇ. 43ರ ಆಸುಪಾಸಿನಲ್ಲಿತ್ತು. ಕಚೇರಿಗಳಲ್ಲಿ ದಕ್ಷಿಣದವರು, ವ್ಯಾಪಾರದಲ್ಲಿ ಗುಜರಾತಿಗಳು ಮುಂದಿದ್ದರು. ಮರಾಠಿ ಯುವಕರ ನಿರುದ್ಯೋಗ ಸುಳ್ಳೇನಲ್ಲ. ಅದಕ್ಕೆ ಠಾಕ್ರೆ ತೋರಿಸಿದ ಕಾರಣ ಮಾತ್ರ ತೀರ ಸುಲಭದ್ದು. ಕಂಪನಿಗಳಲ್ಲಿ, ಕಚೇರಿಗಳಲ್ಲಿ ಹುದ್ದೆ ಹಿಡಿದಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿಯನ್ನು ‘ಮಾರ್ಮಿಕ’ ವಾರವಾರವೂ ಪ್ರಕಟಿಸತೊಡಗಿತು. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ನಡೆದ ಮೊದಲ ಬಹಿರಂಗ ಸಭೆ ಮುಗಿದಾಗ ಗುಂಪುಗಳು ಸಮೀಪದ ದಕ್ಷಿಣದವರ ಹೋಟೆಲುಗಳ ಮೇಲೆ ಬಿದ್ದವು. ಲುಂಗಿ ಉಟ್ಟವರೆಲ್ಲರೂ ಮದರಾಸಿಗಳೆಂಬ ಲೆಕ್ಕದಲ್ಲಿ ಕರಾವಳಿಯ ಕನ್ನಡಿಗ, ತುಳುವನೂ ಆ ಪಟ್ಟಿಗೆ ಸೇರಿದ್ದ.

ಬೀದಿಯಲ್ಲಿ ಹುಟ್ಟಿದ ಪಕ್ಷ ಬೀದಿಯಲ್ಲೇ ಮುಗಿದುಹೋಗಬಹುದಿತ್ತು. ಹಾಗಾಗದಂತೆ ನೋಡಿಕೊಂಡದ್ದು ಸ್ಥಳೀಯ ಸಂಸ್ಥೆಗಳು. 1967ರಲ್ಲಿ ಠಾಣೆ ನಗರಸಭೆಯ 40 ಸ್ಥಾನಗಳಲ್ಲಿ 17 ಸೇನೆಗೆ ದಕ್ಕಿದವು. ಮರುವರ್ಷ ಪ್ರಜಾ ಸೋಷಲಿಸ್ಟ್ ಪಕ್ಷದೊಂದಿಗೆ ಕೈಜೋಡಿಸಿ ಮುಂಬಯಿ ಮಹಾನಗರಪಾಲಿಕೆಯ 140ರಲ್ಲಿ 42 ಸ್ಥಾನ ಗೆದ್ದಿತು. 1971ರಲ್ಲಿ ಡಾ. ಹೇಮಚಂದ್ರ ಗುಪ್ತೆ ಸೇನೆಯ ಮೊದಲ ಮೇಯರ್ ಆದರು.

ಈ ಗೆಲುವಿನ ಬೇರು ಇದ್ದದ್ದು ಶಾಖೆಗಳಲ್ಲಿ. ಗಲ್ಲಿಗಲ್ಲಿಯಲ್ಲಿ ಒಂದು ಚಿಕ್ಕ ಕೋಣೆ, ಅಲ್ಲೊಬ್ಬ ಶಾಖಾ ಪ್ರಮುಖ. ನಲ್ಲಿಯಲ್ಲಿ ನೀರು ಬರದಿದ್ದರೆ, ಚರಂಡಿ ಕಟ್ಟಿದರೆ, ಮಗುವಿಗೆ ಶಾಲೆಯಲ್ಲಿ ಸೀಟು ಸಿಗದಿದ್ದರೆ ಚಾಳಿನ ಜನ ಪಾಲಿಕೆಯ ಕಚೇರಿಗೆ ಹೋಗುವ ಮೊದಲು ಅಲ್ಲಿಗೆ ಹೋಗುತ್ತಿದ್ದರು. ಶಾಖೆಯ ಮಾತು ನಗರಸೇವಕನಿಗೆ, ನಗರಸೇವಕನ ಮಾತು ವಾರ್ಡ್ ಕಚೇರಿಗೆ ತಲುಪುತ್ತಿತ್ತು. ಕಾಂಗ್ರೆಸ್ಸಿಗಾಗಲಿ ಕಮ್ಯುನಿಸ್ಟರಿಗಾಗಲಿ ಇಷ್ಟು ಹತ್ತಿರದ ಜಾಲ ಕಟ್ಟಲಾಗಲಿಲ್ಲ. ಠಾಕ್ರೆ ಮಾತ್ರ ಪಾಲಿಕೆಗಾಗಲಿ ವಿಧಾನಸಭೆಗಾಗಲಿ ಒಮ್ಮೆಯೂ ಸ್ಪರ್ಧಿಸಲಿಲ್ಲ.

1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ಪ್ರಶ್ನೆಯ ಹೆಸರಿನಲ್ಲಿ ಸೇನೆ ಬೀದಿಗಿಳಿಯಿತು. ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಇರಬೇಕೆಂದು ವರದಿ ಕೊಟ್ಟಿತ್ತು. ಮಾಹಿಮ್‌ನಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ತಡೆಯುವ ಯತ್ನದಿಂದ ಹೊತ್ತಿಕೊಂಡ ಗಲಭೆ ಹಲವು ದಿನ ನಗರವನ್ನು ಸುಟ್ಟಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಬಂಧಿತರಾಗಿ ಯರವಡಾ ಜೈಲಿನಲ್ಲಿದ್ದ ಠಾಕ್ರೆಯವರೇ ಶಾಂತಿಗೆ ಕರೆ ಕೊಡಬೇಕಾಯಿತು. ಸರಕಾರಕ್ಕಿಂತ ಅವರ ಮಾತೇ ನಡೆಯುತ್ತದೆಂಬುದು ಆಗಲೇ ಜಗಜ್ಜಾಹೀರಾಯಿತು.

ಆದರೂ ಏರಿಕೆ ಸತತವಾಗಿರಲಿಲ್ಲ. ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿದ ಪಕ್ಷ 1978ರ ಪಾಲಿಕೆ ಚುನಾವಣೆಯಲ್ಲಿ 21 ಸ್ಥಾನಗಳಿಗೆ ಕುಸಿಯಿತು. 1985ರಲ್ಲಿ ಮುಂಬಯಿಯನ್ನು ಮಹಾರಾಷ್ಟ್ರದಿಂದ ಬೇರ್ಪಡಿಸುವ ಹುನ್ನಾರವಿದೆಯೆಂಬ ಭೀತಿಯನ್ನು ಮುಂದಿಟ್ಟು 170ರಲ್ಲಿ 74 ಸ್ಥಾನ ಪಡೆದು ಅಧಿಕಾರಕ್ಕೆ ಬಂತು. 1992ರಲ್ಲಿ ಕಾಂಗ್ರೆಸ್ಸಿಗೆ ಸೋತಿತು. 1997ರಿಂದ ಬಿಜೆಪಿಯ ಜತೆಗೂಡಿ ಹಿಡಿದ ಪಾಲಿಕೆಯನ್ನು ಠಾಕ್ರೆ ಬದುಕಿರುವವರೆಗೆ ಬಿಡಲಿಲ್ಲ. ಅಷ್ಟರಲ್ಲಿ ಅವರ ಗುರಿ ದಕ್ಷಿಣದವರಿಂದ ಮುಸ್ಲಿಮರತ್ತ ಹೊರಳಿತ್ತು. 1992-93ರ ಗಲಭೆಗಳ ಬಗೆಗಿನ ಶ್ರೀಕೃಷ್ಣ ಆಯೋಗ 1998ರಲ್ಲಿ ಅವರನ್ನು ಹೊಣೆ ಮಾಡಿತು. ದ್ವೇಷಭಾಷಣದ ಬೇರೊಂದು ಪ್ರಕರಣದಲ್ಲಿ 1999ರಲ್ಲಿ ಅವರ ಮತದಾನದ ಹಕ್ಕು ಆರು ವರ್ಷ ರದ್ದಾಯಿತು.

ಇಷ್ಟೆಲ್ಲ ಆದರೂ ಕರಾವಳಿಯ ಹೋಟೆಲಿಗರು ಮುಂಬಯಿ ಬಿಡಲಿಲ್ಲ. ತಿನಿಸಿನ ಪರವಾನಿಗೆ, ಆರೋಗ್ಯ ತಪಾಸಣೆ, ನೀರಿನ ಸಂಪರ್ಕ ಎಲ್ಲವೂ ಪಾಲಿಕೆಯ ಕೈಯಲ್ಲಿದ್ದುದರಿಂದ ಅವರು ಮರಾಠಿ ಕಲಿತರು, ನಗರಸೇವಕರೊಡನೆ ಹೊಂದಿಕೊಂಡರು. 1942ರಲ್ಲಿ ಮಾಟುಂಗಾದಲ್ಲಿ ಆರಂಭವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಎಲ್ಲ ಬಿರುಗಾಳಿಯನ್ನೂ ಕಂಡಿತು, ಎಲೆಯೂಟ ನಿಲ್ಲಲಿಲ್ಲ. ಇನ್ನೊಂದು ವಿಚಿತ್ರ: ಕನ್ನಡಿಗರ ವಿರುದ್ಧ ಗಡಿ ಹೋರಾಟ ಮಾಡಿದ ಪಕ್ಷದ ಆಡಳಿತದಲ್ಲೇ ಪಾಲಿಕೆ ಮರಾಠಿಯೊಂದಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂತು.

2012ರ ನವೆಂಬರ್ 17ರಂದು ಬಾಂದ್ರಾದ ‘ಮಾತೋಶ್ರೀ’ ನಿವಾಸದಲ್ಲಿ ಠಾಕ್ರೆ ಕೊನೆಯುಸಿರೆಳೆದರು. ಯಾವ ಹುದ್ದೆಯನ್ನೂ ಹೊಂದಿರದ ಅವರಿಗೆ ಮರುದಿನ ಶಿವಾಜಿ ಪಾರ್ಕಿನಲ್ಲೇ ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಹೋಟೆಲುಗಳು ಬಾಗಿಲು ಹಾಕಿದ್ದವು. 2017ರಲ್ಲಿ ಸೇನೆ 227ರಲ್ಲಿ 84 ಸ್ಥಾನ ಗಳಿಸಿ ಪಾಲಿಕೆಯನ್ನು ಉಳಿಸಿಕೊಂಡಿತು. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದು, 45 ಸಾವಿರ ಕೋಟಿ ರೂಪಾಯಿಗೂ ಮೀರಿದ ಬಜೆಟ್ಟಿನ ಮಹಾನಗರಪಾಲಿಕೆ ಆಡಳಿತಾಧಿಕಾರಿಯ ಕೈಸೇರಿತು. ಜೂನ್‌ನಲ್ಲಿ ಪಕ್ಷವೇ ಎರಡಾಯಿತು.