ಕಲ್ಪನಾ ಸಾವಿನ ಬಗ್ಗೆ ನಾವು ಕೇಳದೇ ಬಿಟ್ಟ ಪ್ರಶ್ನೆ

ನಮ್ಮ ಮನೆಯಲ್ಲಿ ಕಲ್ಪನಾ ಸಾವಿಗೆ ಮೂರು ಕತೆಗಳಿದ್ದವು. ಅಮ್ಮನ ಪ್ರಕಾರ ವಜ್ರದುಂಗುರ ನುಂಗಿದ್ದು. ದೊಡ್ಡಮ್ಮನ ಪ್ರಕಾರ ನಿದ್ದೆ ಮಾತ್ರೆ. ಸೋದರಮಾವನಿಗಂತೂ ಅದು ಕೊಲೆಯೇ, ಅನುಮಾನವೇ ಬೇಡ. ಮೂವರಲ್ಲಿ ಒಬ್ಬರೂ ಗೋಟೂರು ನೋಡಿದವರಲ್ಲ. ಆದರೂ ಹಬ್ಬಕ್ಕೆ ಎಲ್ಲರೂ ಸೇರಿದರೆ ಈ ವಾದ ತಪ್ಪುತ್ತಿರಲಿಲ್ಲ. ಚಿಕ್ಕವನಾಗಿ ನಾನು ಬಾಯಿಬಿಟ್ಟುಕೊಂಡು ಕೇಳ್ತಾ ಕೂತಿರುತ್ತಿದ್ದೆ.

ಗೊತ್ತಿರುವ ಸಂಗತಿ ಚಿಕ್ಕದು. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರು. ಅಲ್ಲಿನ ಪ್ರವಾಸಿ ಮಂದಿರದಲ್ಲಿ 1979ರ ಮೇ 12ರಂದು ಕಲ್ಪನಾ ತೀರಿಕೊಂಡರು. ವಯಸ್ಸು 35. ಆಗ ಅವರು ನಾಟಕ ಕಂಪನಿಯ ಜೊತೆ ಉತ್ತರ ಕರ್ನಾಟಕದಲ್ಲಿ ಊರೂರು ತಿರುಗುತ್ತಿದ್ದರು. ನಿದ್ದೆ ಮಾತ್ರೆ ಎಂದು ಪತ್ರಿಕೆಗಳು ಬರೆದವು. ಸಾಲ ಅಂದರು, ಪ್ರೇಮ ಅಂದರು, ಕೊಲೆ ಅಂದರು. ಉಳಿದದ್ದನ್ನೆಲ್ಲ ಜನ ತಾವೇ ಸೇರಿಸಿಕೊಂಡರು.

ವಜ್ರದ ಕತೆಯನ್ನೇ ನೋಡಿ. ವಜ್ರ ಅಂದರೆ ಇಂಗಾಲ, ಅದು ವಿಷವಲ್ಲ. ಇದನ್ನು ಯಾವ ಕೆಮಿಸ್ಟ್ರಿ ಮೇಷ್ಟ್ರಾದರೂ ಹೇಳುತ್ತಾರೆ. ಆದರೂ ಆ ಕತೆ ಸಾಯಲಿಲ್ಲ. ಯಾಕೆ? ನನಗನ್ನಿಸುವುದು, ಮಿನುಗುತಾರೆಗೆ ಮಾತ್ರೆಯ ಸಾವು ತೀರಾ ಸಾಧಾರಣ ಅಂತ ನಮಗೆ ಅನ್ನಿಸಿತು. ಪರದೆಯ ಮೇಲೆ ಅಷ್ಟು ಅಳಿಸಿದವರು ಪರದೆಯ ಮೇಲಿನ ಹಾಗೆಯೇ ಸಾಯಬೇಕಿತ್ತು.

ಶರತ್‌ಲತಾ ಎಂಬ ಹುಡುಗಿ ಕಲ್ಪನಾ ಆಗಿ 1963ರಲ್ಲಿ ‘ಸಾಕು ಮಗಳು’ ಚಿತ್ರದಿಂದ ಬಂದರು. ‘ಬೆಳ್ಳಿಮೋಡ’ದಲ್ಲಿ (1967) ತನ್ನ ಆಸ್ತಿಗಾಗಿ ಒಪ್ಪಿದ್ದವನನ್ನು ಕೊನೆಗೆ ತಾನೇ ಬೇಡವೆಂದ ಇಂದಿರಾ ಅವರೇ. ‘ಗೆಜ್ಜೆಪೂಜೆ’ಯಲ್ಲಿ (1969) ಸಂಸಾರದ ಕನಸು ಕಂಡು ಕೊನೆಗೆ ಸಾಯುವ ಚಂದ್ರಾ ಅವರೇ. ‘ಶರಪಂಜರ’ದ (1971) ಕಾವೇರಿಯನ್ನು ಮರೆಯೋದು ಹೇಗೆ? ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಮನೆಯವರು, ನೆರೆಯವರು ಅವಳನ್ನು ಹುಚ್ಚಿಯಾಗಿ ನೋಡುವುದನ್ನು ಬಿಡುವುದಿಲ್ಲ. ಕೊನೆಗೆ ಅದೇ ಅವಳನ್ನು ಕೆಡವುತ್ತದೆ.

ಕಲ್ಪನಾರಿಗೂ ನಾವು ಮಾಡಿದ್ದು ಇದನ್ನೇ. ಸತ್ತ ಮೇಲೆ ಅವರನ್ನು ಚಂದ್ರಾ, ಕಾವೇರಿಯರ ಸಾಲಿಗೆ ಸೇರಿಸಿಬಿಟ್ಟೆವು. ದುರಂತ ನಾಯಕಿ, ಹಣೆಬರಹ ಎಂದು ಕೈತೊಳೆದುಕೊಂಡೆವು. ಹಣೆಬರಹ ಅಂದಮೇಲೆ ಯಾರೂ ಲೆಕ್ಕ ಕೊಡಬೇಕಿಲ್ಲವಲ್ಲ.

ನನಗಿರುವುದು ಬೇರೆ ಲೆಕ್ಕ. ‘ಎರಡು ಕನಸು’ 1974ರಲ್ಲಿ ಬಂತು. ಆಗ ರಾಜ್‌ಕುಮಾರ್‌ಗೆ 45, ಕಲ್ಪನಾರಿಗೆ 31. 1976ರಲ್ಲಿ ‘ಬಯಲು ದಾರಿ’ಯನ್ನೂ ಜನ ಮೆಚ್ಚಿದರು. ಅದಾಗಿ ಮೂರೇ ವರ್ಷಕ್ಕೆ ಆಕೆ ನಾಟಕದ ಕ್ಯಾಂಪಿನಲ್ಲಿದ್ದರು. ಅಣ್ಣಾವ್ರು 2000ದ ‘ಶಬ್ದವೇಧಿ’ವರೆಗೂ ನಾಯಕರೇ. ಇದು ಅವರ ಮೇಲಿನ ದೂರಲ್ಲ, ನಾನೂ ಅವರ ಅಭಿಮಾನಿಯೇ. ಆದರೆ ಉದ್ಯಮ ನಾಯಕನಿಗೆ ಕೊಟ್ಟ ಆಯಸ್ಸನ್ನು ನಾಯಕಿಗೆ ಕೊಡಲಿಲ್ಲ. ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದವರಿಗೂ ಮೂವತ್ತು ದಾಟಿದ ಹೆಣ್ಣಿನ ಕತೆ ಬರೆಯುವವರು ಕಡಿಮೆಯಾದರು. ವೃತ್ತಿರಂಗಭೂಮಿ ಕೀಳು ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಅವರಿಗೆ ಕೆಲಸವಾದರೂ ಸಿಕ್ಕಿತು. ಸಿನಿಮಾ ಯಾಕೆ ಕೊಡಲಿಲ್ಲ ಅನ್ನೋದು ಪ್ರಶ್ನೆ.

ಆ ರಾತ್ರಿ ಗೋಟೂರಿನ ಕೋಣೆಯಲ್ಲಿ ಏನಾಯಿತು ಎಂದು ನಾನು ತೀರ್ಪು ಕೊಡಲಾರೆ. ಸಾವಿಗೆ ಒಂದೇ ಕಾರಣ ಹುಡುಕುವುದೂ ತಪ್ಪು. ಆದರೆ ಆ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಿಂತಿದ್ದೇವೆ. ಅಲ್ಲಿಗೆ ಬರುವ ಮೊದಲಿನ ಐದಾರು ವರ್ಷ ಅವರು ಹೇಗಿದ್ದರು, ಯಾರು ವಿಚಾರಿಸಿದರು ಎಂದು ಕೇಳಿದವರು ಎಷ್ಟು ಮಂದಿ?

ಈ ಸಲ ಹಬ್ಬದಲ್ಲಿ ಮಾವ ಮತ್ತೆ ಶುರು ಮಾಡಿದರು. ನಾನು ‘ಬೆಳ್ಳಿಮೋಡ’ ಹಾಕಿದೆ. ಇಂದಿರಾ ತಲೆಯೆತ್ತಿ ಒಲ್ಲೆ ಅನ್ನುವ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.