ಅಕ್ಷರ ತಿರುಗಿಬಿದ್ದ ಮಕ್ಕಳ ವೈದ್ಯ: ಡಾ. ಸ್ಯಾಮ್ಯುಯಲ್ ಆರ್ಟನ್

ಕಮಲಾಪುರದ ಸಂತೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಕೆಂಪು ಬಾಳೆಯ ಲೆಕ್ಕವನ್ನು ಬಾಯಿಂದಲೇ ಹೇಳಬಲ್ಲ, ಗಿರಾಕಿಗೆ ಸಲ್ಲಬೇಕಾದ ಚಿಲ್ಲರೆಯನ್ನು ತಪ್ಪದೆ ಎಣಿಸಬಲ್ಲ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಅದೇ ಹುಡುಗ ಮರುದಿನ ಮೂರನೆಯ ತರಗತಿಯಲ್ಲಿ ಪುಸ್ತಕ ಹಿಡಿದು ನಿಂತಾಗ ಒಂದು ಸಾಲನ್ನೂ ದಾಟಲಾರ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ, ದೀರ್ಘವನ್ನು ನುಂಗುತ್ತಾನೆ, ಹಿಂದಿನ ಸಾಲಿನಲ್ಲಿ ಓದಿದ ಶಬ್ದವನ್ನೇ ಮುಂದಿನ ಸಾಲಿನಲ್ಲಿ ಗುರುತಿಸಲಾರ. ಮನೆಯವರು ಅವನನ್ನು ಮೈಗಳ್ಳನೆನ್ನುತ್ತಾರೆ, ಶಾಲೆಯಲ್ಲಿ ದಡ್ಡನೆಂಬ ಹೆಸರು ಬೀಳುತ್ತದೆ. ಹೀಗೆ ಹೆಸರು ಬಿದ್ದ ಮಕ್ಕಳ ಪರವಾಗಿ ವೈದ್ಯಶಾಸ್ತ್ರದ ಬಲದಿಂದ ವಾದಿಸಿದವರಲ್ಲಿ ಅಮೇರಿಕೆಯ ಡಾ. ಸ್ಯಾಮ್ಯುಯಲ್ ಟಾರಿ ಆರ್ಟನ್ನರು ಅಗ್ರಗಣ್ಯರು.

ಆರ್ಟನ್ನರು ಒಹಾಯೊ ಪ್ರಾಂತದ ಕೊಲಂಬಸ್ ನಗರದಲ್ಲಿ 1879ರ ಅಕ್ಟೋಬರ್ 15ರಂದು ಜನಿಸಿದರು. ತಂದೆ ಎಡ್ವರ್ಡ್ ಆರ್ಟನ್ನರು ಹೆಸರಾಂತ ಭೂಗರ್ಭಶಾಸ್ತ್ರಜ್ಞರು, ಮುಂದೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯವೆಂದು ಪ್ರಸಿದ್ಧವಾದ ಸಂಸ್ಥೆಯ ಮೊದಲ ಅಧ್ಯಕ್ಷರು. ವಿದ್ಯೆಯೇ ಆಸ್ತಿಯಾಗಿದ್ದ ಆ ಮನೆತನದಲ್ಲಿ ಬೆಳೆದ ಬಾಲಕನಿಗೆ ಓದು ಎಂದೂ ಭಾರವೆನಿಸಿರಲಾರದು. ಓದಲಾರದವರ ನೋವು ಅರಿಯಲು ಸ್ವತಃ ಆ ನೋವನ್ನು ಉಂಡಿರಲೇಬೇಕೆಂಬ ನಿಯಮವೇನೂ ಇಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಿಂದ 1905ರಲ್ಲಿ ವೈದ್ಯ ಪದವಿ ಪಡೆದ ಅವರು ಹಾರ್ವರ್ಡಿನಲ್ಲಿಯೂ ವ್ಯಾಸಂಗ ಮಾಡಿ, ಮ್ಯಾಸಚೂಸೆಟ್ಸಿನ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಮೆದುಳಿನ ರೋಗಶಾಸ್ತ್ರದ ಕೆಲಸಕ್ಕೆ ತೊಡಗಿದರು. ಮೃತರ ಮೆದುಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವ, ಹೊರಜಗತ್ತಿಗೆ ಕಾಣದ ಕೆಲಸವದು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದ ವಯಸ್ಕರು ಮಾತನ್ನು ಉಳಿಸಿಕೊಂಡು ಓದನ್ನು ಮಾತ್ರ ಕಳೆದುಕೊಳ್ಳುವುದುಂಟೆಂಬ ಸಂಗತಿ ಆ ಶಾಸ್ತ್ರದವರಿಗೆ ಪರಿಚಿತವಾಗಿತ್ತು. ಅದೇ ಅರಿವು ಮುಂದೆ ಶಾಲೆಯ ಮಕ್ಕಳ ಎದುರು ಉಪಯೋಗಕ್ಕೆ ಬಂದಿತು.

1919ರಲ್ಲಿ ಅವರು ಅಯೋವ ಪ್ರಾಂತಕ್ಕೆ ಹೋಗಿ, ಅಲ್ಲಿ ಹೊಸದಾಗಿ ರೂಪುಗೊಳ್ಳುತ್ತಿದ್ದ ಮಾನಸಿಕ ಚಿಕಿತ್ಸಾಲಯದ ಪ್ರಥಮ ನಿರ್ದೇಶಕರಾದರು. ಅಯೋವ ಬಹುಮಟ್ಟಿಗೆ ಒಕ್ಕಲುತನದ ಸೀಮೆ. ನಮ್ಮ ಕಲಬುರಗಿಗೆ ತೊಗರಿ ಹೇಗೋ ಆ ನಾಡಿಗೆ ಮೆಕ್ಕೆಜೋಳ ಹಾಗೆ. ದೂರದ ಹಳ್ಳಿಗಳ ಜನ ನಗರದ ಆಸ್ಪತ್ರೆಗೆ ಬರಲಾರರೆಂಬುದನ್ನು ಕಂಡು ಆಸ್ಪತ್ರೆಯೇ ಅವರಲ್ಲಿಗೆ ಹೋಗಬೇಕೆಂದು ಆರ್ಟನ್ನರು ನಿಶ್ಚಯಿಸಿದರು. 1925ರ ಜನವರಿಯಲ್ಲಿ ಗ್ರೀನ್ ಕೌಂಟಿಯೆಂಬ ಗ್ರಾಮಾಂತರ ಭಾಗದಲ್ಲಿ ಎರಡು ವಾರಗಳ ಸಂಚಾರಿ ಚಿಕಿತ್ಸಾಲಯವನ್ನು ಪ್ರಯೋಗಾರ್ಥವಾಗಿ ನಡೆಸಿದರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಕಳುಹಿಸಿಕೊಡಬೇಕೆಂದು ಅಲ್ಲಿನ ಶಾಲೆಗಳ ಉಪಾಧ್ಯಾಯರನ್ನು ಕೋರಲಾಯಿತು. ಆ ಉಪಾಧ್ಯಾಯರ ಪಟ್ಟಿ ಇಲ್ಲದಿದ್ದರೆ ಮುಂದಿನ ಶೋಧವೇ ನಡೆಯುತ್ತಿರಲಿಲ್ಲ. ಓದು ಹತ್ತದ ಮಕ್ಕಳು ಒಬ್ಬಿಬ್ಬರಲ್ಲ, ಹಲವರು ಆ ಪಟ್ಟಿಯಲ್ಲಿದ್ದರು.

ಅವರಲ್ಲಿ 16 ವರ್ಷದ ಹುಡುಗನೊಬ್ಬನಿದ್ದ. ವೈದ್ಯ ಸಾಹಿತ್ಯದಲ್ಲಿ ಅವನು ಎಂ.ಪಿ. ಎಂಬ ಎರಡಕ್ಷರಗಳಿಂದಲೇ ಪರಿಚಿತ. ವರ್ಷಗಟ್ಟಲೆ ಶಾಲೆಗೆ ಹೋಗಿದ್ದರೂ ಅವನಿಗೆ ಓದಲು ಬಂದಿರಲಿಲ್ಲ. ಆ ಕಾಲದಲ್ಲಿ ಪ್ರಚಲಿತವಾಗಿದ್ದ ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ 71. ಆ ಅಂಕವನ್ನು ನಂಬಿದ್ದರೆ ಅವನನ್ನು ಮಂದಮತಿಗಳ ಸಾಲಿಗೆ ಸೇರಿಸಿ ಕಡತವನ್ನು ಮುಚ್ಚಬಹುದಾಗಿತ್ತು. ಆರ್ಟನ್ನರು ಹಾಗೆ ಮಾಡಲಿಲ್ಲ. ಹುಡುಗನೊಡನೆ ಕುಳಿತು ಮಾತನಾಡಿದರು. ಅವನ ವಿಚಾರಶಕ್ತಿಗೂ ಕಾಗದದ ಮೇಲಿನ ಅಂಕಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಕಂಡುಕೊಂಡರು. ಅಂತಹ ಪರೀಕ್ಷೆ ಓದಲಾರದ ಹುಡುಗನ ಬುದ್ಧಿಯನ್ನು ಸರಿಯಾಗಿ ಅಳೆಯಲಾರದೆಂಬುದು ಅವರ ತೀರ್ಮಾನ. ಇಂದು ಇದು ಸಾಮಾನ್ಯ ಮಾತಿನಂತೆ ತೋರಬಹುದು. ಬುದ್ಧಿಪರೀಕ್ಷೆಗಳು ಹೊಸ ದೇವರಂತೆ ಪೂಜೆಗೊಳ್ಳುತ್ತಿದ್ದ ಆ ದಿನಗಳಲ್ಲಿ ಅಂಕಕ್ಕಿಂತ ಮಗುವನ್ನು ಹೆಚ್ಚಾಗಿ ನಂಬಿದ್ದು ಸಣ್ಣ ಧೈರ್ಯವಲ್ಲ.

ಈ ತೊಡಕನ್ನು ಮೊದಲು ಕಂಡವರು ಆರ್ಟನ್ನರೇ ಎಂದಲ್ಲ. ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ನರು 1887ರಲ್ಲಿ ಡಿಸ್ಲೆಕ್ಸಿಯ ಎಂಬ ಪದವನ್ನು ಬಳಕೆಗೆ ತಂದಿದ್ದರು. ಆದರೆ ಅದು ಮೆದುಳಿನ ರೋಗದಿಂದ ಓದು ಕಳೆದುಕೊಂಡ ವಯಸ್ಕರ ಕುರಿತಾದದ್ದು. ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ನರು 1896ರಲ್ಲಿ 14 ವರ್ಷದ, ಜಾಣನಾಗಿದ್ದೂ ಓದು ಬಾರದ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಗ್ಲಾಸ್ಗೋದ ನೇತ್ರವೈದ್ಯ ಹಿನ್ಷೆಲ್‌ವುಡ್ಡರು 1917ರಲ್ಲಿ ಹುಟ್ಟುಪದಾಂಧತೆಯ ಕುರಿತು ಗ್ರಂಥವನ್ನೇ ಬರೆದು, ಇದು ಬಲು ಅಪರೂಪವೆಂದು ಭಾವಿಸಿದರು. ಆರ್ಟನ್ನರ ಅನುಭವ ಬೇರೆಯಾಗಿತ್ತು. ಇಂತಹ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇರುವರು, ತೊಡಕು ಕೆಲವರಲ್ಲಿ ತೀವ್ರ, ಕೆಲವರಲ್ಲಿ ಸೌಮ್ಯ ಎಂಬುದು ಅವರ ನಿಲುವು. ಅವರ ಲೇಖನ 1925ರಲ್ಲಿಯೇ ಅಮೇರಿಕೆಯ ನರವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಆ ಮಕ್ಕಳು ಇಂಗ್ಲಿಷಿನ ಬಿ ಅಕ್ಷರವನ್ನು ಡಿ ಎಂದೂ, ಪಿ ಅಕ್ಷರವನ್ನು ಕ್ಯೂ ಎಂದೂ ತಿರುವಿ ಓದುತ್ತಿದ್ದುದು, ವಾಸ್ ಎಂಬ ಪದವನ್ನು ಹಿಂದುಮುಂದಾಗಿಸಿ ಸಾ ಎನ್ನುತ್ತಿದ್ದುದು ಆರ್ಟನ್ನರ ಗಮನ ಸೆಳೆಯಿತು. ಕೆಲವರಂತೂ ಕನ್ನಡಿಯಲ್ಲಿ ಕಾಣುವ ಬರಹವನ್ನು ನೇರ ಬರಹದಷ್ಟೇ ಸಲೀಸಾಗಿ ಓದಬಲ್ಲವರಾಗಿದ್ದರು. ಇದರಿಂದ ಅವರು ಒಂದು ಸಿದ್ಧಾಂತವನ್ನು ಕಟ್ಟಿದರು: ಅಕ್ಷರದ ಚಿತ್ರ ಮೆದುಳಿನ ಎರಡು ಅರ್ಧಗೋಳಗಳಲ್ಲಿಯೂ ಒಂದಕ್ಕೊಂದು ಕನ್ನಡಿಬಿಂಬವಾಗಿ ಮೂಡುತ್ತದೆ, ಒಂದು ಭಾಗ ಮೇಲುಗೈ ಸಾಧಿಸಿದರೆ ಓದು ಸುಗಮ, ಸಾಧಿಸದಿದ್ದರೆ ಎರಡು ಚಿತ್ರಗಳ ನಡುವೆ ಗೊಂದಲ. ಈ ಸ್ಥಿತಿಗೆ ಅವರು ಗ್ರೀಕ್ ಮೂಲದ ಸ್ಟ್ರೆಫೊಸಿಂಬಾಲಿಯ, ಅಂದರೆ ತಿರುಚಿದ ಸಂಕೇತ ಎಂಬ ಹೆಸರಿಟ್ಟರು. ಹೆಸರು ಬಾಯಿಗೆ ಹತ್ತಲಿಲ್ಲ, ಸಿದ್ಧಾಂತವೂ ಉಳಿಯಲಿಲ್ಲ. ಅಕ್ಷರ ತಿರುವುವುದು ಕಲಿಕೆಯ ಆರಂಭದಲ್ಲಿ ಬಹುತೇಕ ಮಕ್ಕಳಲ್ಲಿ ಕಾಣುವ ಸಂಗತಿಯೆಂದೂ, ಡಿಸ್ಲೆಕ್ಸಿಯದ ಬೇರು ಕಣ್ಣಿನಲ್ಲಲ್ಲ, ಬಹುಮಟ್ಟಿಗೆ ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿನ ದೌರ್ಬಲ್ಯದಲ್ಲಿದೆಯೆಂದೂ 1970ರ ದಶಕದಿಂದೀಚಿನ ಸಂಶೋಧನೆಗಳು ತೋರಿಸಿಕೊಟ್ಟವು.

ಈ ಕಾರಣಕ್ಕಾಗಿಯೇ ಕನ್ನಡ ಶಾಲೆಯಲ್ಲಿ ಕನ್ನಡಿಬರಹವನ್ನು ಹುಡುಕುತ್ತ ಕುಳಿತರೆ ಫಲವಿಲ್ಲ. ನಮ್ಮ ಲಿಪಿಯಲ್ಲಿ ಬಿ, ಡಿಗಳಂತೆ ಪರಸ್ಪರ ಕನ್ನಡಿಬಿಂಬವಾದ ಜೋಡಿಗಳು ಕಾಣಸಿಗುವುದು ಕಷ್ಟ. ಪ ಮತ್ತು ವ, ದ ಮತ್ತು ಧ ಇಂತಹವುಗಳಲ್ಲಿ ಗೆರೆಯೊಂದು, ಸೀಳೊಂದು ಮಾತ್ರ ಭೇದ. ಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದೆಂದು ತಿಳಿಸಿತು. ಆದುದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಕಲಬುರಗಿಯ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗಿರುವುದರಿಂದ ಧ ಇರಬೇಕಾದಲ್ಲಿ ದ ಬರೆದರೆ ಅದೂ ಲಕ್ಷಣವಲ್ಲ.

ಹಾಗಾದರೆ ಲಕ್ಷಣವಾವುದು? ಅದು ಪುಸ್ತಕ ತೆರೆಯುವ ಮೊದಲೇ ಕಿವಿಗೆ ಕೇಳಿಸುವುದುಂಟು. ಮಾತು ತಡವಾಗಿ ಬಂದಿರುವುದು, ನಾಲ್ಕೈದರ ಪ್ರಾಯದಲ್ಲಿ ಪ್ರಾಸದ ಆಟ ಹಿಡಿಯದಿರುವುದು, ಬಣ್ಣಗಳ ಹೆಸರನ್ನೂ ವಾರಗಳ ಹೆಸರನ್ನೂ ತಿಳಿದಿದ್ದರೂ ಬೇಗನೆ ಹೇಳಲಾಗದಿರುವುದು, ಮನೆತನದಲ್ಲಿ ಮತ್ತೊಬ್ಬರಿಗೆ ಓದು ಹತ್ತದೆ ಹೋಗಿರುವುದು, ಇವುಗಳಲ್ಲಿ ಒಂದೇ ಇದ್ದರೆ ಏನೂ ಸಿದ್ಧವಾಗದು. ಹಲವು ಕೂಡಿಬಂದರೆ ಎಚ್ಚರ ವಹಿಸಬೇಕು. ಕಮಲ ಎಂಬ ಮಾತಿನಿಂದ ಮೊದಲಿನ ಕ ತೆಗೆದರೆ ಉಳಿಯುವುದೇನೆಂದು ಶಾಲೆ ಸೇರಿದ ಮಗುವನ್ನು ಆಟದಂತೆ ಕೇಳಿದರೆ, ಕೆಲ ದಿನಗಳ ಅಭ್ಯಾಸದಲ್ಲಿ ಅನೇಕರು ಮಲ ಎಂದು ನಗುತ್ತ ಉತ್ತರಿಸುವರು. ತಿಂಗಳುಗಳು ಕಳೆದರೂ ಈ ಆಟ ಅರ್ಥವಾಗದ ಮಗುವಿನ ಮೇಲೆ ಉಪಾಧ್ಯಾಯರ ಕಣ್ಣಿರಬೇಕು. ಮೂರನೆಯ ತರಗತಿಗೆ ಬರುವಾಗ ಬಾಯಿಮಾತಿನ ಜಾಣ್ಮೆಗೂ ಓದು ಬರಹಕ್ಕೂ ಅಂತರ ಎದ್ದುಕಾಣುವಂತಾದರೆ ತಜ್ಞರಲ್ಲಿಗೆ ಕಳುಹಿಸಲು ತಡಮಾಡಬಾರದು.

ಅದಕ್ಕೆ ಮುನ್ನ ಕಣ್ಣು ಕಿವಿಗಳ ತಪಾಸಣೆಯಾಗಬೇಕು. ಕಮಲಾಪುರದ ಸುತ್ತಲಿನ ತಾಂಡಾಗಳಿಂದ ಬರುವ ಮಗುವಿನ ಮನೆಮಾತು ಲಂಬಾಣಿ, ಕಲಬುರಗಿ ನಗರದ ಎಷ್ಟೋ ಮಕ್ಕಳದು ದಖನಿ; ಅವರಿಗೆ ಕನ್ನಡವೇ ಹೊಸದು. ತಂದೆತಾಯಿಯರೊಡನೆ ದುಡಿಮೆಗಾಗಿ ಮುಂಬಯಿಗೋ ಬೆಂಗಳೂರಿಗೋ ಹೋಗಿ ಪಾಠ ತಪ್ಪಿಸಿಕೊಂಡ ಮಗು ಹಿಂದುಳಿಯುವುದು ಸಹಜ. ಇವು ಡಿಸ್ಲೆಕ್ಸಿಯವಲ್ಲ, ಇವುಗಳಿಗೆ ಬೇಕಾದದ್ದು ಸಮಯ. ನಿಜಾಮರ ಆಳಿಕೆಯಲ್ಲಿ ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ಎಡದಿಂದ ಬಲಕ್ಕೆ ಸಾಗುವ ಕನ್ನಡವನ್ನೂ ಒಟ್ಟಿಗೆ ಕಲಿತ ತಲೆಮಾರು ಈ ನಗರದಲ್ಲಿತ್ತು. ಎರಡು ಲಿಪಿಗಳ ಕಲಿಕೆ ಯಾರಿಗೂ ಈ ತೊಡಕನ್ನು ತಂದೊಡ್ಡುವುದಿಲ್ಲ.

ಗ್ರೀನ್ ಕೌಂಟಿಯ ಪ್ರಯೋಗದ ತರುವಾಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಚಾರಿ ಚಿಕಿತ್ಸಾಲಯ ಅಯೋವದಲ್ಲಿ ಮುಂದುವರಿಯಿತು. ಅದರಲ್ಲಿ ದುಡಿದ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ ಜೂನ್ ಲೈಡೆಯವರು ಮುಂದೆ ಆರ್ಟನ್ನರ ಬಾಳಸಂಗಾತಿಯಾದರು. ಅಯೋವದಲ್ಲಿಯೇ ಅವರು ಲೀ ಟ್ರಾವಿಸ್ ಅವರೊಡನೆ ತೊದಲುಮಾತಿನ ಅಧ್ಯಯನವನ್ನೂ ನಡೆಸಿ, ಎಡಗೈಯವರನ್ನು ಬಲವಂತವಾಗಿ ಬಲಗೈಗೆ ತಿರುಗಿಸುವುದರಿಂದ ತೊದಲು ಉಂಟಾಗಬಹುದೆಂದು ಶಂಕಿಸಿದರು. ಆ ವಾದವೂ ಮುಂದೆ ಹಿಂದೆಬಿದ್ದಿತು. ಎಡಗೈ ಬರಹಕ್ಕೆ ಪೆಟ್ಟು ಕೊಡುತ್ತಿದ್ದ ಶಾಲೆಗಳು ಆ ನೆಪದಿಂದಲಾದರೂ ಕೈ ಬಿಗಿಹಿಡಿದಿದ್ದರೆ ಅಷ್ಟು ಲಾಭವೇ.

1920ರ ದಶಕದ ಕೊನೆಗೆ ದಂಪತಿಗಳು ನ್ಯೂಯಾರ್ಕಿಗೆ ನೆಲೆ ಬದಲಿಸಿದರು. ಕೊಲಂಬಿಯ ವಿಶ್ವವಿದ್ಯಾಲಯದ ನರವಿಜ್ಞಾನ ಸಂಸ್ಥೆಯಲ್ಲಿ ಆರ್ಟನ್ನರು ಭಾಷೆಯ ತೊಡಕುಗಳ ಸಂಶೋಧನೆಗೆ ನಿಂತಾಗ ಅನುಭವಿ ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್ ಅವರನ್ನು ಸೇರಿಕೊಂಡರು. ವೈದ್ಯರು ಕಂಡದ್ದನ್ನು ಪಾಠಕ್ರಮವಾಗಿ ಮಾರ್ಪಡಿಸಿದವರು ಗಿಲಿಂಗ್‌ಹ್ಯಾಮ್ ಮತ್ತು ಅವರ ಸಹೋದ್ಯೋಗಿ ಬೆಸಿ ಸ್ಟಿಲ್ಮನ್. ಇಡೀ ಪದವನ್ನು ಚಿತ್ರದಂತೆ ನೋಡಿ ನೆನಪಿಡಿಸುವ ಅಂದಿನ ಜನಪ್ರಿಯ ಪದ್ಧತಿ ಈ ಮಕ್ಕಳಿಗೆ ಹೊಂದದೆಂದು ಆರ್ಟನ್ನರು ಸ್ಪಷ್ಟವಾಗಿ ಸಾರಿದ್ದರು. ಹೊಸ ಕ್ರಮದಲ್ಲಿ ಮಗು ಒಂದು ಅಕ್ಷರವನ್ನು ಕಣ್ಣಿಂದ ನೋಡಿ, ಅದರ ಧ್ವನಿಯನ್ನು ಬಾಯಿಂದ ಉಚ್ಚರಿಸಿ, ಕಿವಿಯಿಂದ ಕೇಳುತ್ತ, ಕೈಯಿಂದ ತಿದ್ದುತ್ತದೆ. ಒಂದು ಗಟ್ಟಿಯಾದ ಮೇಲೆಯೇ ಮುಂದಿನದು. ಗಾವಠಿ ಶಾಲೆಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ ಗಟ್ಟಿಯಾಗಿ ಹೇಳಿಸುತ್ತಿದ್ದ ನಮ್ಮ ಹಿರಿಯ ಉಪಾಧ್ಯಾಯರಿಗೆ ಈ ರೀತಿ ಅಪರಿಚಿತವೆನಿಸುತ್ತಿರಲಿಲ್ಲ. ವ್ಯತ್ಯಾಸವೆಂದರೆ ಗಿಲಿಂಗ್‌ಹ್ಯಾಮರ ಕೈಯಲ್ಲಿ ಬೆತ್ತವಿರಲಿಲ್ಲ.

1937ರಲ್ಲಿ ಮಕ್ಕಳ ಓದು, ಬರಹ ಮತ್ತು ಮಾತಿನ ಸಮಸ್ಯೆಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಓದು ಬಾರದ ಮಗುವಿನ ಹಟ, ಅಂಜಿಕೆ, ಪುಂಡಾಟಿಕೆಗಳು ಅನೇಕ ವೇಳೆ ತೊಡಕಿನ ಕಾರಣಗಳಲ್ಲ, ಪರಿಣಾಮಗಳು ಎಂಬುದು ಅದರ ಬೆಲೆಬಾಳುವ ಪ್ರತಿಪಾದನೆ. ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಯ ಪ್ರೌಢಶಾಲೆಗೆ ಬಂದು ಪ್ರಸಾದನಿಲಯ ಸೇರುವ ಹುಡುಗನಲ್ಲಿ ಈ ತೊಡಕು ಅಡಗಿದ್ದರೆ, ಅಷ್ಟರಲ್ಲಿ ಅವನು ಅದನ್ನು ಮುಚ್ಚಿಡುವ ನೂರು ಉಪಾಯಗಳನ್ನು ಕಲಿತಿರುತ್ತಾನೆ: ಗೆಳೆಯನಿಂದ ಕೇಳಿ ಬಾಯಿಪಾಠ ಮಾಡುವುದು, ಓದುವ ಸರದಿ ಬಂದಾಗ ಹೊಟ್ಟೆನೋವೆನ್ನುವುದು, ಕೊನೆಗೆ ಶಾಲೆಯನ್ನೇ ಬಿಡುವುದು. ಎಂ.ಪಿ.ಯನ್ನು ಆರ್ಟನ್ನರು ಕಂಡಾಗ ಅವನಿಗೂ 16 ತುಂಬಿತ್ತು. ಅವನ ಆರನೆಯ ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕಂಡಿರಲಿಲ್ಲ.

ಆರ್ಟನ್ನರು 1948ರ ನವೆಂಬರ್ 17ರಂದು ತೀರಿಕೊಂಡರು. ಹೈದರಾಬಾದ್ ಸಂಸ್ಥಾನದ ಆಳಿಕೆ ಕೊನೆಗೊಂಡು ಕಲಬುರಗಿಯು ಸ್ವತಂತ್ರ ಭಾರತದೊಡನೆ ಕೂಡಿ ಆ ದಿನಕ್ಕೆ ಸರಿಯಾಗಿ ಎರಡು ತಿಂಗಳಾಗಿದ್ದವು; ಇಲ್ಲಿನ ಮಕ್ಕಳಿಗೆ ಕನ್ನಡ ಶಾಲೆಗಳ ಬಾಗಿಲು ಅಗಲವಾಗಿ ತೆರೆಯತೊಡಗಿದ್ದು ಆಮೇಲೆಯೇ. 1949ರಲ್ಲಿ ಜೂನ್ ಆರ್ಟನ್ನರೂ ಸಹೋದ್ಯೋಗಿಗಳೂ ಸೇರಿ ಆರ್ಟನ್ ಸೊಸೈಟಿಯನ್ನು ಸ್ಥಾಪಿಸಿದರು. ಅದು ಈಗ ಅಂತಾರಾಷ್ಟ್ರೀಯ ಡಿಸ್ಲೆಕ್ಸಿಯ ಸಂಘವಾಗಿದೆ. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇಂತಹ ಮಕ್ಕಳ ಪರೀಕ್ಷೆಗೆ ಸಾಧನಗಳನ್ನು ಸಿದ್ಧಪಡಿಸಿವೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದೆಂದು ಅಂಗೀಕರಿಸಿದೆ. ತಜ್ಞರು ಮಗುವನ್ನು ಪರೀಕ್ಷಿಸುವಾಗ ಉಪಾಧ್ಯಾಯರಿಂದ ಕೇಳಿ ತಿಳಿಯುವ ಸಂಗತಿಗಳು ಹಲವು: ಮಗು ಎಂದಿನಿಂದ ಎಡವುತ್ತಿದೆ, ಯಾವ ಅಕ್ಷರಗಳಲ್ಲಿ, ಬಾಯಿಮಾತಿನಲ್ಲಿ ಹೇಗೆ, ಲೆಕ್ಕದಲ್ಲಿ ಹೇಗೆ.